ಎರಡನೆಯ ಹೆಡ್ಡಿನ ಸದ್ದು

ಅವರ ಎಡ ಹುಬ್ಬು ಅರ್ಧಕ್ಕೇ ನಿಂತಿತ್ತು. ಯಾವುದೋ ಕಾಲದಲ್ಲಿ ಕಾರ್ಬುರೇಟರಿನಿಂದ ಎದ್ದ ಬೆಂಕಿ ಉಳಿದರ್ಧವನ್ನು ಸುಟ್ಟಿತ್ತಂತೆ. ಮತ್ತೆ ಬೆಳೆಯಲೇ ಇಲ್ಲ. ಹಾಗಾಗಿ ಅವರು ಸುಮ್ಮನೆ ಕೂತಿದ್ದರೂ ಏನನ್ನೋ ಅನುಮಾನಿಸುವವರಂತೆ ಕಾಣುತ್ತಿದ್ದರು. ಜಪಾನಿನ ಸಗಮಿಹಾರಾ ಊರಿನ ಹಿಂಬದಿಯ ಬೀದಿಯಲ್ಲಿ ಹಳೆಯ ಎಂಜಿನ್‌ಗಳನ್ನು ಬಿಚ್ಚಿ ಕಟ್ಟುವ ಶೆಡ್ ಅವರದು. ಎಲ್ಲರೂ ಅವರನ್ನು ಷಾಚೋ-ಸಾನ್, ಅಂದರೆ ಯಜಮಾನರು, ಎನ್ನುತ್ತಿದ್ದರು. ಅವರು ನನ್ನನ್ನು ಕರೆಯುತ್ತಿದ್ದುದು ಇಂಡೋ-ಸಾನ್, ಅಂದರೆ ಇಂಡಿಯಾದವರು, ಎಂದು.

ಕಂಪನಿಯಲ್ಲಿ ನಾನು ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ನೋಡಿಕೊಳ್ಳುವವನು. ಆದರೂ ನನಗಿಂತ ಹಿರಿಯದಾದ, ಎಂಟು ಸಿಲಿಂಡರಿನ ಅಮೆರಿಕನ್ ಕಾರೊಂದನ್ನು ಕೊಂಡು ತಂದಿದ್ದೆ. ಕೆಟ್ಟ ಚಟ. ಅದರ ಎಂಜಿನ್ನಿಗೆ ಒಂದು ಜೊತೆ ಹೆಡ್ ಆರಿಸಬೇಕಿತ್ತು. ಸಿಲಿಂಡರುಗಳ ಮೇಲೆ ಕೂತು ಗಾಳಿಯನ್ನು ಒಳಬಿಟ್ಟು ಹೊಗೆಯನ್ನು ಹೊರಹಾಕುವ ಭಾರದ ಮುಚ್ಚಳಗಳು ಅವು. ನನ್ನ ಕಣ್ಣು ಕ್ಯಾಟಲಾಗಿನ, ಗಾಳಿಯ ದಾರಿ ಅಗಲವಾಗಿದ್ದ ಅಲ್ಯೂಮಿನಿಯಂ ಹೆಡ್ಡುಗಳ ಮೇಲಿತ್ತು. ಷಾಚೋ-ಸಾನ್ ಕ್ಯಾಟಲಾಗನ್ನೇ ಮುಚ್ಚಿಟ್ಟರು.

"ಮೂಗು ದೊಡ್ಡದಾದ ಮಾತ್ರಕ್ಕೆ ಓಟಗಾರ ಆಗಲ್ಲ, ಇಂಡೋ-ಸಾನ್. ನೀನು ಓಡಿಸೋದು ಸಿಗ್ನಲ್ಲಿಂದ ಸಿಗ್ನಲ್ಲಿಗೆ. ದಾರಿ ಸಣ್ಣದಿದ್ರೆ ಗಾಳಿ ರಭಸವಾಗಿ ನುಗ್ಗತ್ತೆ. ಹಳೇ ಕಬ್ಬಿಣದ್ದೇ ಸಾಕು."

ಹಳೆಯ ಕಬ್ಬಿಣದಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ಅದನ್ನು ಅವರು ಕಿವಿಯಿಂದ ಹಿಡಿಯುತ್ತಿದ್ದರು. ಹೆಡ್ಡನ್ನು ಹಗ್ಗದಲ್ಲಿ ತೂಗುಹಾಕಿ ಪುಟ್ಟ ಸುತ್ತಿಗೆಯಿಂದ ತಟ್ಟುವರು. ನಮ್ಮಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುವುದಿಲ್ಲವೇ, ಹಾಗೆ. ಗಟ್ಟಿಯಿದ್ದರೆ ಗಂಟೆಯಂತೆ ಮೊಳಗಬೇಕು. ಆದರೆ ಆ ವರ್ಷ ಅವರ ಕಿವಿ ಮಂದವಾಗುತ್ತಿತ್ತು. ಯಾರಿಗೂ ಹೇಳಿಕೊಳ್ಳಲಿಲ್ಲ. ತಟ್ಟಿದ ಮೇಲೆ ನನ್ನ ಮುಖ ನೋಡುವರು; ನಾನು ತಲೆಯಾಡಿಸಿದರೆ ಮಾತ್ರ "ಯೋಷಿ", ಸರಿ, ಎಂದು ಸೀಮೆಸುಣ್ಣದ ಗೆರೆ ಎಳೆದು ಒಪ್ಪಿಕೊಳ್ಳುವರು. ಇದರ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಿದವರಲ್ಲ. ಅಂಥವರು ನನ್ನ ಕಿವಿಯನ್ನು ನಂಬುತ್ತಾರೆಂಬ ಹೆಮ್ಮೆ ನನಗೆ. ಆ ನಂಬಿಕೆಯೇ ಅವರಿಗೆ ಮುಳುವಾಯಿತು.

ಆಯುಧಪೂಜೆಗೆ ಗಾಡಿ ಸಿದ್ಧವಾಗಲೇಬೇಕೆಂದು ಹಟ ಹಿಡಿದವನು ನಾನು. ನನ್ನ ಹೆಂಡತಿ ಕಾಶಿವಾ ಊರಿನ ನಮ್ಮ ಸ್ನೇಹಿತರನ್ನೂ ಕರೆದಿದ್ದಳು. "ಎಲ್ಲರೂ ಕನ್ಫರ್ಮ್ ಮಾಡಿದಾರೆ ರೀ, ಈಗ ಪೋಸ್ಟ್‌ಪೋನ್ ಅಂದ್ರೆ ಚೆನ್ನಾಗಿರಲ್ಲ," ಎಂದಳು.

ಹಬ್ಬಕ್ಕೆ ಎಂಟು ದಿನವಿದ್ದಾಗ ಹೆಡ್ಡುಗಳನ್ನು ತೂಗುಹಾಕಿದರು. ಮೊದಲನೆಯದು ಮೊಳಗಿತು. ಎರಡನೆಯದು "ಠಪ್" ಎಂದಿತು. ಷಾಚೋ-ಸಾನ್ ನನ್ನತ್ತ ನೋಡಿದರು. ಬೇರೆ ಹೆಡ್ ಹುಡುಕಿದರೆ ತಿಂಗಳು ಹಿಡಿಯುತ್ತದೆ. ಹಗ್ಗ ಅಡ್ಡ ಬಂದಿರಬಹುದು ಎಂದು ನನಗೆ ನಾನೇ ಹೇಳಿಕೊಂಡು ತಲೆಯಾಡಿಸಿದೆ.

"ಯೋಷಿ," ಎಂದರು.

ಹಬ್ಬದ ದಿನ ಶೆಡ್ಡಿನ ಅಂಗಳದಲ್ಲಿ ಬಾನೆಟ್ಟಿಗೆ ಕುಂಕುಮ, ಚಕ್ರದಡಿ ನಿಂಬೆಹಣ್ಣು. ಷಾಚೋ-ಸಾನ್ ತಮ್ಮ ಸ್ಪ್ಯಾನರುಗಳನ್ನೂ ಪೂಜೆಗಿಟ್ಟು ಕೈಮುಗಿದರು. ಎಂಜಿನ್ ಗುಡುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಹತ್ತು ನಿಮಿಷಕ್ಕೆಲ್ಲ ಕಾವಿನ ಮುಳ್ಳು ಏರತೊಡಗಿತು. ಏನಾಯಿತೆಂದು ನೋಡಲು ಅವರು ಬಾನೆಟ್ ಎತ್ತಿ, ಬಗ್ಗಿ ಕೈ ಚಾಚಿದರು. ಏನಾಗಿದೆಯೆಂದು ನನಗೆ ಗೊತ್ತಿತ್ತು: ಹೆಡ್ಡಿನ ಬಿರುಕಿನಿಂದ ಬಿಸಿ ಹೊಗೆ ತಂಪಿನ ನೀರಿಗೆ ನುಗ್ಗುತ್ತಿತ್ತು. "ಷಾಚೋ-ಸಾನ್, ಬೇಡ!" ಎಂದು ಕಿರುಚಿದೆ. ಅವರಿಗೆ ಕೇಳಿಸಲಿಲ್ಲ. ರೇಡಿಯೇಟರಿನ ಪೈಪು ಸಿಡಿದು ಕುದಿಯುವ ನೀರು ಅವರ ಬಲಗೈ ಮೇಲೆ ಸುರಿಯಿತು.

ಆ ಕೈ ಮತ್ತೆ ಸುತ್ತಿಗೆ ಹಿಡಿಯಲಿಲ್ಲ. ಆಸ್ಪತ್ರೆಗೆ ಹೋದಾಗ ಅವರು ಕಷ್ಟಪಟ್ಟು ಎದ್ದು ಕೂತು ನನಗೆ ತಲೆಬಾಗಿದರು. "ಸುಮಿಮಾಸೆನ್, ಕ್ಷಮಿಸಿ, ಇಂಡೋ-ಸಾನ್. ಬಿರುಕಿನ ಹೆಡ್ ಹಾಕಿಬಿಟ್ಟೆ. ನಿಮ್ಮ ಹಬ್ಬ ಹಾಳು ಮಾಡಿದೆ."

"ಪರವಾಗಿಲ್ಲ," ಎಂದೆ. ಕ್ಷಮಿಸಿದವನು ನಾನು! ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಗೆ.

ಚಳಿಗಾಲದಲ್ಲಿ ಶೆಡ್ ಮುಚ್ಚಿತು. ವರ್ಷ ತುಂಬುವುದರೊಳಗೆ ಅವರೂ ತೀರಿಕೊಂಡರು. ಕೊನೆಯ ದರ್ಶನಕ್ಕೆ ಹೋದಾಗ ಅವರ ಹೆಂಡತಿ ನನ್ನೆದುರು ಬಂದು ನಿಂತರು. "ಇಂಡೋ-ಸಾನ್ ಕಿವಿ ತಪ್ಪೋದೇ ಇಲ್ಲ, ನಾನೇ ಸರಿಯಾಗಿ ತಟ್ಟಿರಲಿಲ್ಲ ಅಂತ ಕೊನೇವರೆಗೂ ಕೊರಗ್ತಿದ್ರು. ಅವರನ್ನ ಕ್ಷಮಿಸಿಬಿಡಿ," ಎಂದು ಬಾಗಿದರು.

ನಾನೂ ಬಾಗಿದೆ. ಈಗ ಎಲ್ಲವನ್ನೂ ಬರೆದಿದ್ದೇನೆ, ಕನ್ನಡದಲ್ಲಿ. ಆಕೆಗೆ ಕನ್ನಡ ಬರುವುದಿಲ್ಲ.