ಕಾನ್‌ಸ್ಟೇಬಲ್ ಥಾಮಸ್‌ನ ಕಡತ ನನ್ನ ಕೈಗೆ ಬಂದದ್ದು

ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಾನು ಅವರ ಎದುರಿಗೇ ನಕ್ಕವಳು. ಮೈಸೂರಿನ ಹಾಸ್ಟೆಲಿನಲ್ಲಿ ಹುಡುಗಿಯರು ಇಂಥ ಕಥೆ ಶುರು ಮಾಡಿದರೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದೆ. ಆಮೇಲೆ ಈ ದೇಶಕ್ಕೆ ಬಂದು ಹಿಡಿದ ಕೆಲಸವೂ ಹಾಗೇ. ವೆಸ್ಟ್‌ಮೀಡ್‌ನ ಒಂದು ಲ್ಯಾಬಿನಲ್ಲಿ ದಿನವಿಡೀ ರಕ್ತದ ಸ್ಯಾಂಪಲ್ ಪರೀಕ್ಷೆ ಮಾಡುತ್ತೇನೆ. ರಿಪೋರ್ಟ್ ವಿಚಿತ್ರವಾಗಿ ಬಂದರೆ ಒಂದೋ ಸ್ಯಾಂಪಲ್ ಅದಲುಬದಲಾಗಿರುತ್ತದೆ, ಇಲ್ಲವೇ ಮಷೀನು ಕೆಟ್ಟಿರುತ್ತದೆ, ಮೂರನೆಯ ಕಾರಣ ಇರುವುದಿಲ್ಲ ಎಂದು ಹೊಸಬರಿಗೆ ನಾನೇ ಹೇಳಿಕೊಡುತ್ತೇನೆ. ಈಗಲೂ ಹೇಳುತ್ತೇನೆ. ಆದ್ದರಿಂದ ಇದನ್ನು ಬರೆಯಲು ಸಂಕೋಚವಾಗುತ್ತದೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ನನ್ನ ಗಂಡ ಇಯನ್ ಈ ದೇಶದವನೇ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ. ಒಂದು ಬೆಳಿಗ್ಗೆ ಟೂಂಗಾಬಿಯ ನಮ್ಮ ಮನೆಯಿಂದ ಕಸದ ಬಿನ್ ರಸ್ತೆಗೆ ಎಳೆದಿಡಲು ಹೋದವನು ಅಲ್ಲೇ ಬಿದ್ದ. ನಲವತ್ತೈದು ವರ್ಷ. ಬಿಪಿ, ಶುಗರ್ ಏನೂ ಇರಲಿಲ್ಲ. ಕಸದ ಲಾರಿ ಜೋರಾಗಿ ಹಾರ್ನ್ ಹೊಡೆಯಿತು, ತಿರುಗಿ ನೋಡಿದರೆ ಇಯನ್ ಬಿದ್ದಿದ್ದ ಎಂದು ಎದುರು ಮನೆಯವರು ಹೇಳಿದರು. ಪೋಸ್ಟ್‌ಮಾರ್ಟಂನಲ್ಲಿ ಸ್ಪಷ್ಟವಾದ ಕಾರಣ ಸಿಗಲಿಲ್ಲ.

ನನಗೆ ಅಳು ಬರಲಿಲ್ಲ. ಧೈರ್ಯವಂತೆ ಎಂದು ಎಲ್ಲರೂ ಹೇಳಿದರು. ಧೈರ್ಯವೇನಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟಾಗ ಕೆನ್ನೆ ನಮ್ಮದಲ್ಲ ಎನಿಸುತ್ತದಲ್ಲ, ಹಾಗೆ ಇಡೀ ಮೈ ಆಗಿತ್ತು. ನಾಲ್ಕನೆಯ ವಾರ ಕೆಲಸಕ್ಕೆ ಹೋದೆ. ಅಡುಗೆ ಮಾಡಿ ಮಗಳಿಗೆ ಬಡಿಸುತ್ತಿದ್ದೆ. ನಾನು ತಿಂದೆನೋ ಇಲ್ಲವೋ ನೆನಪಿರುತ್ತಿರಲಿಲ್ಲ.

ಮಗಳು ತಾರಾಗೆ ಆಗ ಹದಿಮೂರು. ಅಪ್ಪ ಹೋದ ಐದನೆಯ ತಿಂಗಳಲ್ಲಿ ಸ್ಕೂಲಿನ ಫೈರ್ ಅಲಾರ್ಮ್ ಹೊಡೆದಾಗ ಅವಳು ತಲೆಸುತ್ತಿ ಬಿದ್ದಳು. ದುಃಖ, ಸರಿಯಾಗಿ ತಿನ್ನುತ್ತಿಲ್ಲ ಎಂದುಕೊಂಡೆವು. ಎರಡು ತಿಂಗಳ ಮೇಲೆ ಮನೆಯಲ್ಲೇ ಮತ್ತೊಮ್ಮೆ ಬಿದ್ದಳು. ಹೃದಯದ ಡಾಕ್ಟರು ಇಸಿಜಿ ನೋಡಿದರು, ಜೀನ್ ಪರೀಕ್ಷೆಯನ್ನೂ ಮಾಡಿಸಿದರು. ಅದರಲ್ಲಿ ಏನೋ ಒಂದು ವ್ಯತ್ಯಾಸ ಕಂಡಿತು, ಆದರೆ ಅದು ಅಪಾಯದ್ದೋ ಅಲ್ಲವೋ ಖಚಿತವಾಗಿ ಹೇಳಲು ಆಗದು ಎಂದರು.

"ನಿಮ್ಮ ಗಂಡನ ಕಡೆ ಹೀಗೆ ಹಠಾತ್ತಾಗಿ ಹೋದವರು ಬೇರೆ ಯಾರಾದರೂ ಇದ್ದಾರಾ? ಎಷ್ಟು ಹಳೆಯದಾದರೂ ಪರವಾಗಿಲ್ಲ, ಹುಡುಕಿ. ಅದರ ಮೇಲೆ ಮುಂದಿನ ಪರೀಕ್ಷೆ ನಿರ್ಧಾರ ಮಾಡ್ತೀನಿ," ಎಂದರು.

ಇಯನ್‌ನ ಅಪ್ಪ ಚಿಕ್ಕ ವಯಸ್ಸಿನಲ್ಲೇ ಕಾರು ಮರಕ್ಕೆ ಗುದ್ದಿ ಸತ್ತಿದ್ದರು. ಕೇಳಲು ಹಿರಿಯರು ಯಾರೂ ಉಳಿದಿರಲಿಲ್ಲ. ಉಳಿದದ್ದು ಇಯನ್‌ನ ನೀಲಿ ಫೋಲ್ಡರ್ ಒಂದೇ. ತನ್ನ ಮುತ್ತಜ್ಜನ ಅಪ್ಪ ಥಾಮಸ್ ಎಂಬುವನ ಬಗ್ಗೆ ಅವನು ರಜೆಯಲ್ಲೆಲ್ಲ ಕಾಗದಪತ್ರ ಕೂಡಿಸುತ್ತಿದ್ದ. ಥಾಮಸ್ ಐರ್ಲೆಂಡಿನಿಂದ ಬಂದು, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಪಕ್ಕದ ವಿಕ್ಟೋರಿಯಾ ರಾಜ್ಯದಲ್ಲಿ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದವನು. ಚಿನ್ನ ತೆಗೆಯುವ ಊರುಗಳಲ್ಲಿ ಕುದುರೆಯ ಮೇಲೆ ಗಸ್ತು ತಿರುಗಿದವನು. ಕುಡಿದು ನೀರಿಗೆ ಬಿದ್ದು ಸತ್ತ ಎಂದು ಮನೆಯವರು ಅವನ ಹೆಸರೆತ್ತುತ್ತಿರಲಿಲ್ಲವಂತೆ. ಇಯನ್‌ಗೆ ಅದು ನಿಜವೆನಿಸಿರಲಿಲ್ಲ. ಫೋಲ್ಡರಿನ ಕೊನೆಯ ಹಾಳೆಯಲ್ಲಿ ‘ಸಾವಿನ ವಿಚಾರಣೆಯ ಕಡತ ಎಲ್ಲಿ?’ ಎಂದು ಬರೆದು ಎರಡು ಗೆರೆ ಎಳೆದಿದ್ದ. ಇನ್ನೊಂದು ಸಲ ಮೆಲ್ಬರ್ನ್‌ಗೆ ಹೋಗಿ ಹುಡುಕಬೇಕು ಎನ್ನುತ್ತಿದ್ದ. ಹೋಗುವುದು ಆಗಲಿಲ್ಲ.

ತಾರಾಳನ್ನು ಅವಳ ಗೆಳತಿಯ ಮನೆಯಲ್ಲಿ ಬಿಟ್ಟು ನಾನೇ ಹೊರಟೆ. ಮೆಲ್ಬರ್ನ್‌ನ ಹೊರವಲಯದ ಪಾಯಿಂಟ್ ಕುಕ್‌ನಲ್ಲಿ ನನ್ನ ಕಾಲೇಜಿನ ಸ್ನೇಹಿತೆ ಶೈಲಾ ಇದ್ದಾಳೆ. ಅವಳ ಮನೆಯಲ್ಲಿ ಇಳಿದುಕೊಂಡೆ. ಅವಳು ದಿನಾ ಫ್ರೀವೇಯಲ್ಲಿ ಸಿಟಿ ಕಡೆ ಕೆಲಸಕ್ಕೆ ಹೋಗುವಾಗ ನನ್ನನ್ನು ಹಳೆಯ ದಾಖಲೆಗಳನ್ನು ಇಟ್ಟಿರುವ ಕಚೇರಿಯ ಬಾಗಿಲಲ್ಲಿ ಇಳಿಸುತ್ತಿದ್ದಳು. ಅಲ್ಲಿ ದೊಡ್ಡದೊಂದು ಓದುವ ಕೋಣೆ. ಬೇಕಾದ ಬಾಕ್ಸಿನ ನಂಬರ್ ಬರೆದುಕೊಟ್ಟರೆ ಒಳಗಿನಿಂದ ತಂದುಕೊಡುತ್ತಾರೆ.

ಎರಡು ದಿನ ಏನೂ ಸಿಗಲಿಲ್ಲ. ಥಾಮಸ್‌ನ ಸೇವಾ ದಾಖಲೆ ಸಿಕ್ಕಿತು. ಎತ್ತರ, ಕಣ್ಣಿನ ಬಣ್ಣ, ವರ್ಗಾವಣೆಗಳು, ಎರಡು ಪ್ರಶಂಸೆ, ಒಂದು ದಂಡ. ಕೊನೆಯಲ್ಲಿ, ರಜೆಯಲ್ಲಿದ್ದಾಗ ಮುಳುಗಿ ಸಾವು, ಕುಡಿದಿದ್ದನೆಂಬ ಶಂಕೆ ಎಂದು ಒಂದು ಸಾಲು. ಸಾವಿನ ವಿಚಾರಣೆಗಳ ಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಹೆಸರನ್ನು ನಾಲ್ಕು ಥರ ತಪ್ಪಾಗಿ ಬರೆದೂ ಹುಡುಕಿದೆ. ಇಲ್ಲ.

ಮೂರನೆಯ ದಿನ ಕಿಟಕಿ ಪಕ್ಕದ ಮೇಜಿನಲ್ಲಿ ಕೂತಿದ್ದೆ. ಹನ್ನೆರಡು ದಾಟಿತ್ತು. ಮೈಮೇಲೆ ಬಿಸಿಲು ಬೀಳುತ್ತಿತ್ತು, ಅದರ ಬಿಸಿ ಮಾತ್ರ ನನಗೆ ಗೊತ್ತಾಗುತ್ತಿರಲಿಲ್ಲ. ಕೌಂಟರಿನಲ್ಲಿದ್ದ ಹೆಂಗಸು ಕೈಸನ್ನೆ ಮಾಡಿ ಕರೆದಳು. ಐವತ್ತರ ಮೇಲಿನವಳು, ಕೊರಳಿನ ಬ್ಯಾಡ್ಜಿನಲ್ಲಿ ಬೆವ್ ಎಂದಿತ್ತು. ಎರಡು ದಿನದಿಂದ ನನಗೆ ಬಾಕ್ಸ್ ಕೊಡುತ್ತಿದ್ದವಳು ಅವಳೇ.

"ನಿಮಗೆ ಇನ್ನೊಂದು ಬಾಕ್ಸ್ ಬಂದಿದೆ, ಲವ್," ಎಂದಳು, ಇಲ್ಲಿನ ಹೆಂಗಸರು ಯಾರನ್ನಾದರೂ ಕರೆಯುವ ಹಾಗೆ.

"ನಾನು ಕೇಳಿಲ್ಲವಲ್ಲ?"

"ನಿಮ್ಮ ಹಸ್ಬೆಂಡ್ ಬೆಳಿಗ್ಗೆ ಫೋನ್ ಮಾಡಿದ್ರು. ಬಾಕ್ಸ್ ನಂಬರನ್ನೂ ಅವರೇ ಕೊಟ್ರು. ಕಿಟಕಿ ಹತ್ತಿರ ನನ್ನ ಹೆಂಡತಿ ಕೂತಿದ್ದಾಳೆ, ಅವಳ ಕೈಗೇ ಕೊಡಿ ಅಂದ್ರು." ಅವಳು ಬಾಕ್ಸಿನ ಮೇಲೆ ಅಂಟಿಸಿದ್ದ ಹಳದಿ ಚೀಟಿಯನ್ನು ಕನ್ನಡಕ ಏರಿಸಿ ನೋಡಿದಳು. "ಇನ್ನೊಂದು ಮಾತು ಹೇಳೋಕೆ ಹೇಳಿದ್ರು. ನನಗೆ ಅರ್ಥ ಆಗಲಿಲ್ಲ, ಎರಡು ಸಲ ಕೇಳಿ ಬರ್ಕೊಂಡೆ. ಊ... ಊಟಾ. ಊಟಾ ಫಸ್ಟ್. ಸರೀನಾ?"

ಚೀಟಿಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಅದೇ ಇತ್ತು.

ಇಯನ್‌ಗೆ ಬರುತ್ತಿದ್ದ ಕನ್ನಡ ಹತ್ತು ಹದಿನೈದು ಪದ. ಅದರಲ್ಲಿ ಅವನು ದಿನಾ ಬಳಸುತ್ತಿದ್ದದ್ದು ಊಟ. ನಾನು ಲ್ಯಾಬಿನಿಂದ ಸಿಡುಕಿಕೊಂಡು ಬಂದು ಏನಾದರೂ ಜಗಳ ತೆಗೆದರೆ ಕೈಯೆತ್ತಿ ತಡೆದು "ಊಟಾ ಫಸ್ಟ್" ಎನ್ನುತ್ತಿದ್ದ. ಉಂಡ ಮೇಲೆ ಜಗಳ ಮರೆತುಹೋಗುತ್ತಿತ್ತು.

ಆ ಕ್ಷಣದಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರೋ. ಕಿರುಚುತ್ತಿದ್ದಿರೇನೋ, ಕುಸಿದು ಕೂರುತ್ತಿದ್ದಿರೇನೋ. ನನ್ನ ಗಂಡ ಸತ್ತು ಹತ್ತು ತಿಂಗಳಾಯಿತು ಎಂದು ಅವಳಿಗೆ ಹೇಳಬೇಕಿತ್ತು. ನಾನು "ಥ್ಯಾಂಕ್ಸ್" ಎಂದೆ. ಬಾಕ್ಸನ್ನು ಅಲ್ಲೇ ಇಟ್ಟಿರಲು ಹೇಳಿ ಕೆಳಗೆ ಹೋದೆ. ಕೆಫೆಯಲ್ಲಿ ಒಂದು ಸ್ಯಾಂಡ್‌ವಿಚ್, ಒಂದು ಕಪ್ ಸೂಪ್ ತೆಗೆದುಕೊಂಡು ಪೂರ್ತಿ ತಿಂದೆ. ಬಾಯಿಗೆ ಉಪ್ಪು ಹತ್ತಿತು. ಎಷ್ಟೋ ತಿಂಗಳಿಂದ ಯಾವುದರ ರುಚಿಯೂ ತಿಳಿದಿರಲಿಲ್ಲ ಎಂಬುದು ಆಗ ಗೊತ್ತಾಯಿತು. ಅಲ್ಲಿ ನನಗೆ ಹೆದರಿಕೆಯಾಗಲಿಲ್ಲ, ಸಂತೋಷವೂ ಆಗಲಿಲ್ಲ. ಹೇಳಿದ ಕೆಲಸ ಮಾಡಿದೆ ಎಂಬುದಷ್ಟೇ ಮನಸ್ಸಿನಲ್ಲಿತ್ತು.

ಮೇಲೆ ಬಂದು ಬಾಕ್ಸ್ ತೆರೆದೆ. ಒಂದು ವರ್ಷದ ಸಾವಿನ ವಿಚಾರಣೆಗಳು, ಪ್ರತಿಯೊಂದನ್ನೂ ಮೂರಾಗಿ ಮಡಿಸಿ ದಾರ ಕಟ್ಟಿದ್ದರು. ಒಂದೊಂದಾಗಿ ನೋಡುತ್ತಾ ಹೋದೆ. ಒಂಬತ್ತನೆಯದೋ ಹತ್ತನೆಯದೋ ಇರಬೇಕು, ಮೇಲೆ ‘ಅಪರಿಚಿತ ಗಂಡಸು’ ಎಂದಿತ್ತು. ಸಮುದ್ರ ತೀರದ ಯಾವುದೋ ಸಣ್ಣ ಊರು. ಹಡಗುಕಟ್ಟೆಯ ಪಕ್ಕ ಮೊಣಕಾಲುದ್ದದ ನೀರಿನಲ್ಲಿ ಹೆಣ ಸಿಕ್ಕಿತ್ತು. ಮೀನು ಹಿಡಿಯುವವನೊಬ್ಬ ಸಾಕ್ಷಿ ಹೇಳಿದ್ದ: ಆ ಮನುಷ್ಯ ಕಟ್ಟೆಯ ಮೇಲೆ ಸುಮ್ಮನೆ ನಿಂತಿದ್ದ. ಹಡಗು ಸೀಟಿ ಹಾಕಿತು, ಅವನು ಬೆಚ್ಚಿದ, ಮರ ಬಿದ್ದ ಹಾಗೆ ಬಿದ್ದ. ಪುಪ್ಪುಸದಲ್ಲಿ ನೀರಿಲ್ಲ, ಹೊಟ್ಟೆಯಲ್ಲಿ ಹೆಂಡದ ವಾಸನೆಯಿಲ್ಲ ಎಂದು ಡಾಕ್ಟರು ಬರೆದಿದ್ದರು. ಕಡತದ ಕೊನೆಗೆ ಆಮೇಲೆ ಸೇರಿಸಿದ ಒಂದು ಹಾಳೆ ಇತ್ತು. ಹುಡುಕಿಕೊಂಡು ಬಂದ ಹೆಂಡತಿ ಬಟ್ಟೆ ನೋಡಿ ಗಂಡನನ್ನು ಗುರುತಿಸಿದ್ದಳು. ಅವನ ಹೆಸರು ಥಾಮಸ್, ಪೊಲೀಸ್ ಕಾನ್‌ಸ್ಟೇಬಲ್, ಇಂಥ ಠಾಣೆ. ಮುಂಚೆ ಎರಡು ಸಲ ಬಂದೂಕಿನ ಸದ್ದಿಗೆ ಹೀಗೇ ಬಿದ್ದಿದ್ದ, ಅವನ ತಂಗಿ ಹನ್ನೊಂದನೆಯ ವಯಸ್ಸಿನಲ್ಲಿ ಶಾಲೆಯ ಗಂಟೆ ಹೊಡೆದಾಗ ಸತ್ತಿದ್ದಳು ಎಂದು ಹೇಳಿದ್ದಳು. ಕೆಳಗೆ ಸಹಿಯ ಬದಲು ಒಂದು ಕತ್ತರಿ ಗುರುತು. ನೀರಿನಲ್ಲಿ ಸಿಕ್ಕ ಎಂಬ ಸುದ್ದಿಯಷ್ಟೇ ಪೊಲೀಸ್ ಇಲಾಖೆಗೆ ತಲುಪಿತ್ತೇನೋ, ಡಾಕ್ಟರ ಮಾತಾಗಲಿ ಈ ಹಾಳೆಯಾಗಲಿ ತಲುಪಿರಲಿಲ್ಲ.

ಅಷ್ಟನ್ನೂ ಫೋಟೊ ತೆಗೆದುಕೊಂಡೆ. ಓದುತ್ತಿದ್ದ ಜಾಗ ತಪ್ಪದಿರಲೆಂದು ಹಳದಿ ಚೀಟಿಯನ್ನು ಒಳಗಿಟ್ಟಿದ್ದೆ. ಅದನ್ನು ಅಲ್ಲೇ ಮರೆತು ಬಾಕ್ಸ್ ವಾಪಸು ಕೊಟ್ಟುಬಿಟ್ಟೆ.

ಸಂಜೆ ಕಾರಿನಲ್ಲಿ ಶೈಲಾಗೆ ಹೇಳಿದೆ. ಅವಳು ರಸ್ತೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ನೀನೇ ಅವಳ ಹತ್ರ ಏನೋ ಮಾತಾಡಿರ್ತೀಯ ಕಣೇ. ಊಟ ಅಂತ ಅಂದಿರ್ತೀಯ, ಅವಳು ಬರ್ಕೊಂಡಿರ್ತಾಳೆ. ಈ ಹತ್ತು ತಿಂಗಳಲ್ಲಿ ನೀನು ಏನೇನು ಮರ್ತಿದೀಯ ಅಂತ ನಂಗೊತ್ತಿಲ್ವಾ? ಮೊನ್ನೆ ನಮ್ಮನೇಲಿ ನೀನು ಗ್ಯಾಸ್ ಹಚ್ಚಿಟ್ಟು ಸ್ನಾನಕ್ಕೆ ಹೋಗಿದ್ದೆ."

"ಇರಬಹುದು. ಬಾಕ್ಸ್ ನಂಬರ್?"

"ಅದೂ ನೀನೇ..." ಎಂದಳು. ಅಪರಿಚಿತ ಗಂಡಸು ಎಂಬ ಕಡತ ಯಾವ ಬಾಕ್ಸಿನಲ್ಲಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ಮುಂದೆ ಸಿಕ್ಕ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸಿ ಸ್ಟೀರಿಂಗ್ ಮೇಲೆ ತಲೆಯಿಟ್ಟು ಅವಳು ಅತ್ತಳು. ನಾನು ಅವಳ ಬೆನ್ನು ಸವರಿದೆ.

ತಾರಾಗೂ ಫೋನ್ ಮಾಡಿ, ಅಪ್ಪನ ಹೆಸರಿನಲ್ಲಿ ಯಾರಿಂದಾದರೂ ಇಲ್ಲಿಗೆ ಫೋನ್ ಮಾಡಿಸಿದೆಯಾ ಎಂದು ಕೇಳಿದೆ.

"ಅಮ್ಮಾ, ವಾಟ್? ವೈ ವುಡ್ ಐ ಡೂ ದಟ್?" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಆರ್ ಯು ಓಕೆ?" ಎಂದಳು.

ಡಾಕ್ಟರು ಥಾಮಸ್‌ನ ಕಡತದ ಪ್ರತಿಯನ್ನು ಎರಡು ಸಲ ಓದಿದರು. ಹಾರ್ನ್, ಅಲಾರ್ಮ್, ಹಡಗಿನ ಸೀಟಿ, ಶಾಲೆಯ ಗಂಟೆ ಎಂದು ಪೆನ್ನಿನಿಂದ ಒಂದರ ಕೆಳಗೊಂದು ಬರೆದರು. ತಾರಾಳನ್ನು ಅದೇ ವಾರ ಅಡ್ಮಿಟ್ ಮಾಡಿಕೊಂಡು ಬೇರೆ ಪರೀಕ್ಷೆಗಳನ್ನು ಮಾಡಿದರು. ಹಠಾತ್ ಸದ್ದಿಗೆ ಹೃದಯದ ಬಡಿತ ತಪ್ಪುವ ಕಾಯಿಲೆ ವಂಶದಲ್ಲೇ ಇದೆ, ಗಮನಿಸದೆ ಬಿಟ್ಟಿದ್ದರೆ ಅವಳೂ ಒಂದು ದಿನ ಹಾಗೇ ಹೋಗುತ್ತಿದ್ದಳು ಎಂದು ಆಮೇಲೆ ಹೇಳಿದರು. ಈಗ ಮಾತ್ರೆ ತೆಗೆದುಕೊಳ್ಳುತ್ತಾಳೆ, ಎದೆಯ ಚರ್ಮದ ಕೆಳಗೆ ಬಡಿತ ತಪ್ಪಿದರೆ ಸರಿಪಡಿಸುವ ಒಂದು ಸಣ್ಣ ಯಂತ್ರವಿದೆ. ಸ್ಕೂಲಿಗೆ ಹೋಗುತ್ತಾಳೆ, ನನ್ನೊಡನೆ ಜಗಳವಾಡುತ್ತಾಳೆ.

ಇದೆಲ್ಲ ಆಗಿ ಎರಡು ವರ್ಷ. ನಾನು ಸುಮ್ಮನೆ ಕೂರಲಿಲ್ಲ. ಇಯನ್ ಸಾಯುವ ಮುಂಚೆಯೇ ನಂಬರ್ ಕಂಡುಹಿಡಿದು ಯಾರಿಗಾದರೂ ಹೇಳಿದ್ದನೇ ಎಂದು ಫೋಲ್ಡರಿನ ಒಂದೊಂದು ಹಾಳೆ ನೋಡಿದೆ. ಅವನ ಇಮೇಲ್, ಫೋನ್ ಎಲ್ಲ ಜಾಲಾಡಿದೆ. ಅವನ ಜೊತೆ ಕೆಲಸ ಮಾಡುತ್ತಿದ್ದವರನ್ನು ಕೇಳಿದೆ. ಏನೂ ಇಲ್ಲ. ಸ್ಯಾಂಪಲ್ ಅದಲುಬದಲಾಗಿಲ್ಲ, ಮಷೀನೂ ಕೆಟ್ಟಿಲ್ಲ. ಅಥವಾ ಕೆಟ್ಟಿದ್ದ ಮಷೀನು ನಾನೇ ಇರಬಹುದು. ಅದನ್ನೂ ತಳ್ಳಿಹಾಕುವುದಿಲ್ಲ.

ಕಳೆದ ತಿಂಗಳು ಧೈರ್ಯ ಮಾಡಿ ಆ ಕಚೇರಿಗೆ ಫೋನ್ ಮಾಡಿ ಬೆವ್‌ಳನ್ನು ಕೇಳಿದೆ. ಅವಳಿಗೆ ನನ್ನ ನೆನಪಿತ್ತು. ಯಾವ ಫೋನ್ ಬಂತು ಎಂದು ಅಲ್ಲಿ ಬರೆದಿಡುವುದಿಲ್ಲವಂತೆ. ಚೀಟಿಗಳನ್ನು ಎಸೆಯುತ್ತಾರಂತೆ. ದನಿ ಹೇಗಿತ್ತು ಎಂದು ಕೇಳಿದೆ.

"ಮಾಮೂಲಿ ದನಿ," ಎಂದಳು. "ತುಂಬಾ ಮರ್ಯಾದೆಯಿಂದ ಮಾತಾಡಿದ್ರು. ಆ ಪದ ನಾನು ತಪ್ಪು ಹೇಳಿದಾಗ ನಕ್ಕರು. ಯಾಕೆ, ಏನಾದ್ರೂ ತೊಂದರೆ ಆಯ್ತಾ? ಆ ಬಾಕ್ಸಿಂದ ನಿಮ್ಮಿಬ್ಬರಿಗೂ ಉಪಯೋಗ ಆಯ್ತು ತಾನೇ?"

ನಿಜ ಹೇಳಬೇಕೆಂದೇ ಫೋನ್ ಮಾಡಿದ್ದೆ. ಬಾಯಿಗೆ ಬಂದದ್ದು ಬೇರೆ.

"ತುಂಬಾ ಆಯ್ತು. ಅವರೂ ನಿಮಗೆ ಥ್ಯಾಂಕ್ಸ್ ಹೇಳಿದ್ದಾರೆ," ಎಂದೆ.

"ಅಯ್ಯೋ, ಪರವಾಗಿಲ್ಲ ಅಂತ ಹೇಳಿ," ಎಂದು ಅವಳು ಫೋನ್ ಇಟ್ಟಳು.

ಯಾಕೆ ಹಾಗೆ ಹೇಳಿದೆನೋ ನನಗೆ ಗೊತ್ತಿಲ್ಲ. ಫೋನ್ ಇಟ್ಟು ತಾರಾಳನ್ನು ಊಟಕ್ಕೆ ಕರೆದೆ.