ಬೀಗಿತ್ತಿಗೆ ಹೇಳದೆ ಉಳಿದ ಮಾತು

ಮಕ್ಕಳೇ, ಹರಪನಹಳ್ಳಿಯ ನಿಮ್ಮ ಅಜ್ಜಿ, ಅಂದರೆ ನಿಮ್ಮ ಅಪ್ಪನ ತಾಯಿ, ನನ್ನ ಬಗ್ಗೆ ನಿಮ್ಮ ಮುಂದೆ ಒಂದು ಕೆಟ್ಟ ಮಾತೂ ಆಡಿರಲಿಕ್ಕಿಲ್ಲ. ಅವರು ಅಂಥವರಲ್ಲ. ಆದರೆ ನಾನು ನಿಮ್ಮ ಮನೆಗೆ ಬಂದಾಗಲೆಲ್ಲ ಅವರು ಎದ್ದು ಒಳಗೆ ಹೋಗುತ್ತಿದ್ದುದನ್ನು ನೀವು ನೋಡಿದ್ದೀರಿ. ದೊಡ್ಡವಳು ಒಂದು ಸಲ ನನ್ನ ಸೆರಗು ಹಿಡಿದು ಕೇಳಿದಳು, "ಅಜ್ಜಿ, ನೀವಿಬ್ರೂ ಠೂ ಬಿಟ್ಟೀರೇನು?" ಆ ಪ್ರಶ್ನೆಗೆ ಬಾಯಿಂದ ಉತ್ತರ ಹೇಳುವುದು ನನ್ನಿಂದ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ರಾಯದುರ್ಗದ ಆಚೆಯ ಒಂದು ಹಳ್ಳಿಯಲ್ಲಿ. ಮನೆಯಲ್ಲಿ, ಬೀದಿಯಲ್ಲಿ, ಶಾಲೆಯಲ್ಲಿ ಎಲ್ಲ ಕಡೆ ತೆಲುಗು. ಐದನೇ ತರಗತಿವರೆಗೆ ಓದಿದೆ. ಮದುವೆಯಾಗಿ ಕೊಟ್ಟೂರಿಗೆ ಬಂದೆ, ನಿಮ್ಮ ತಾತ ಇಲ್ಲಿ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಮೆಕ್ಯಾನಿಕ್ ಆಗಿದ್ದರು. ನಿಮ್ಮ ಅವ್ವನಿಗೆ ಒಂಬತ್ತು ವರ್ಷವಿದ್ದಾಗ ಅವರು ಜ್ವರ ಬಂದು ತೀರಿಹೋದರು. ತವರಿನವರು ಬಾ ಅಂದರು. ನಿಮ್ಮ ಅವ್ವನ ಶಾಲೆ ಇಲ್ಲೇ ಇತ್ತು, ನಾನು ಹೋಗಲಿಲ್ಲ. ಅದೇ ಮಿಲ್ಲಿನಲ್ಲಿ ಹೆಂಗಸರ ಸಾಲಿನಲ್ಲಿ ಕುಳಿತು ಬೀಜ ಆರಿಸುವ ಕೆಲಸ ಹಿಡಿದೆ.

ಕನ್ನಡದ ಅಕ್ಷರಗಳನ್ನು ನಾನು ಕಲಿತದ್ದು ನಿಮ್ಮ ಅವ್ವನ ಒಂದನೇ ತರಗತಿ ಪುಸ್ತಕದಿಂದ. ಎರಡೂ ಲಿಪಿ ಅಕ್ಕತಂಗಿಯರ ಹಾಗೆ, ತಲೆಕಟ್ಟು ಬೇರೆ ಅಷ್ಟೆ. ವರ್ಷ ತುಂಬುವುದರೊಳಗೆ ಓದಲು, ಬರೆಯಲು ಬಂತು. ನಾಲಗೆ ಮಾತ್ರ ಬರಲಿಲ್ಲ. 'ಐತಿ' ಅನ್ನಬೇಕಾದಲ್ಲಿ 'ಉಂದಿ' ಅಂತ ಬಂದುಬಿಡುತ್ತಿತ್ತು. ಮಾತಿನ ಕೊನೆ ಎಳೆಯುತ್ತಿದ್ದೆ. ಸಂತೆಯಲ್ಲಿ ಕಾಯಿಪಲ್ಲೆಯವನು ನನ್ನನ್ನು ಕಂಡ ಕೂಡಲೇ, "ಬಾರಮ್ಮಾ ಆಂಧ್ರ! ಏಮಿ ಕಾವಾಲಿ?" ಅಂತ, ಏನು ಬೇಕೆಂದು ತೆಲುಗಿನಲ್ಲೇ ಕೂಗುತ್ತಿದ್ದ. ಸುತ್ತಲಿದ್ದವರು ನಗುತ್ತಿದ್ದರು. ಅವನು ಕೆಟ್ಟವನಲ್ಲ, ಕೊಸರು ಹಾಕುತ್ತಿದ್ದುದೂ ಅವನೇ. ಆದರೆ ನಿಮ್ಮ ಅವ್ವನ ಕಿವಿ ಕೆಂಪಾಗುತ್ತಿದ್ದುದು ನನಗೆ ಕಾಣುತ್ತಿತ್ತು.

"ಅವ್ವಾ, ನೀ ಸುಮ್ನ ನಿಂದ್ರು. ನಾ ಕೇಳ್ತೀನಿ," ಅನ್ನತೊಡಗಿದಳು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಅವಳೇ ನನ್ನ ಬಾಯಿಯಾದಳು. ನಿಜ ಹೇಳಬೇಕು, ಮೊದಲಿನಿಂದಲೂ ನಾಲ್ಕು ಜನರ ಮುಂದೆ ನಾಚುವ ನನಗೆ ಅದು ಹಗುರವೇ ಅನ್ನಿಸಿತ್ತು.

ಅವಳಿಗೆ ವರ ನೋಡುವ ಕಾಲ ಬಂತು. ಹಡಗಲಿ ಕಡೆಯಿಂದ ಒಂದು ಮನೆಯವರು ಬಂದರು. ನಾನು ಮಂಡಕ್ಕಿ ಒಗ್ಗರಣೆಯ ತಟ್ಟೆ ಇಟ್ಟು, ಸಡಗರದಲ್ಲಿ ಕುಳಿತುಕೊಳ್ಳಿ ಅನ್ನುವ ಬದಲು "ಕೂರ್ಚೋಂಡಿ, ಕೂರ್ಚೋಂಡಿ" ಅಂದೆ. ಹುಡುಗನ ಸೋದರಮಾವ ತಟ್ಟೆಯಿಂದ ತಲೆ ಎತ್ತಿ, "ನಿಮ್ಮ ಮೂಲ ಯಾವ ಕಡೆ ಆತಮ್ಮಾ?" ಅಂದರು. ಆಮೇಲೆ ಹೇಳಿಕಳಿಸಿದ್ದು ಇಷ್ಟು: ಹುಡುಗಿ ಚಲೋ ಅದಾಳ, ತಾಯಿ ಮಾತು ಕೇಳಿದ್ರ ನಮ್ಮೋರು ಅನಸಾಂಗಿಲ್ಲ, ಬೇರು ಗೊತ್ತಿಲ್ಲದ ಮನಿ.

ನಿಮ್ಮ ಅವ್ವ ಅಂದು ಊಟ ಮಾಡಲಿಲ್ಲ. ನನ್ನನ್ನು ಬೈಯಲೂ ಇಲ್ಲ.

ಮರುವರ್ಷ ಹರಪನಹಳ್ಳಿಯವರು ಬರುತ್ತಾರೆಂದು ಗೊತ್ತಾದಾಗ ಪಕ್ಕದ ಮನೆಯ ಅಕ್ಕ ಎಲ್ಲ ಉಸ್ತುವಾರಿ ವಹಿಸಿಕೊಂಡಳು. "ನೋಡ, ಈ ಸಲ ಬಾಯಾಗ ಎಲಿ ಅಡಿಕಿ ಇಟ್ಕೊಂಡು ನಿಂದ್ರು. ಒಂದ್ ಮಾತು ಹೊರಗ ಬರಬಾರ್ದು. ಉಳಿದದ್ದು ನಾ ನೋಡ್ಕೋತೀನಿ." ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತೆ. ನಿಮ್ಮ ಅಜ್ಜಿ ನನ್ನನ್ನು ನೋಡಿ, "ಬೀಗ್ರು ಯಾಕ ಮಾತಾಡವಲ್ರು?" ಅಂದರು. ಅಕ್ಕ ತಡವರಿಸಲಿಲ್ಲ. "ಗಂಡ ಹೋದಾಗಿಂದ ಆಕಿ ಮಾತು ನಿಂತು ಹೋಗೇತ್ರಿ." ನಾನು ತಲೆ ತಗ್ಗಿಸಿದೆ. ನಿಮ್ಮ ಅಜ್ಜಿ ಎದ್ದು ಬಂದು ನನ್ನ ಕೈ ಹಿಡಿದರು. ಅವರ ಕಣ್ಣಲ್ಲಿ ನೀರಿತ್ತು. ಆ ಕೈಯನ್ನು ಬಿಡಿಸಿಕೊಂಡು ನಿಜ ಹೇಳಿಬಿಡಬೇಕಿತ್ತು. ಪಡಸಾಲೆಯಲ್ಲಿ ನಿಮ್ಮ ಅವ್ವ ತಲೆಬಾಗಿ ಕುಳಿತಿದ್ದಳು. ಹೇಳಲಿಲ್ಲ.

ಮದುವೆಯಾಯಿತು. ಸೋಮವಾರ ಕೊಟ್ಟೂರಿನ ಗುಡಿಗೆ ಬಂದಾಗಲೆಲ್ಲ ನಿಮ್ಮ ಅಜ್ಜಿ ನನ್ನ ಮನೆಗೆ ಬರುತ್ತಿದ್ದರು. ಮೊದಮೊದಲು ನನ್ನ ಜೊತೆ ಗಟ್ಟಿ ದನಿಯಲ್ಲಿ ಮಾತಾಡಿ, ನೀರು ಬೇಕಾದರೆ ಹೆಬ್ಬೆರಳು ಬಾಯಿಗೆ ಹಿಡಿದು ತೋರಿಸುತ್ತಿದ್ದರು. "ಕಿವಿ ಕೇಳ್ತಾವಲ್ಲ ನಿಮಗ? ನಾನೊಂದು ಹುಚ್ಚಿ!" ಅಂತ ತಾವೇ ನಗುತ್ತಿದ್ದರು. ಆಮೇಲೆ ದನಿ ತಗ್ಗಿತು. ಗೋಡೆಗೆ ಒರಗಿ, ಎಲೆಗೆ ಸುಣ್ಣ ಹಚ್ಚುತ್ತ, ಯಾರಿಗೂ ಹೇಳದ ಸುದ್ದಿಗಳನ್ನು ಹೇಳತೊಡಗಿದರು. ಹೊಸ ಸೊಸೆಯಾಗಿದ್ದಾಗ ಅತ್ತೆಗೆ ಕಾಣದಂತೆ ಹಸಿ ಶೇಂಗಾ ತಿಂದು, ಸಿಪ್ಪೆಯನ್ನು ಸೆರಗಿನಲ್ಲಿ ಗಂಟು ಕಟ್ಟಿ ಹೊಲದಲ್ಲಿ ಚೆಲ್ಲುತ್ತಿದ್ದುದು. ಇನ್ನೊಂದು ದೊಡ್ಡ ಸಂಕಟವಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನದಲ್ಲ. ಅದನ್ನು ಹೇಳಿ ಮುಗಿಸಿದ ದಿನ ಸೆರಗಿನಿಂದ ಮುಖ ಒರೆಸಿಕೊಂಡು, "ನಿಮ್ಮ ಮುಂದ ಹೇಳಿದ್ರ ಹಗುರ ಆಕೈತಿ ನೋಡ್ರಿ ಬೀಗ್ರೇ," ಅಂದರು. ನನಗೆ ಗೆಳತಿ ಅಂತ ಇದ್ದವರು ಈ ಊರಿನಲ್ಲಿ ಅವರೊಬ್ಬರೇ. ಆ ಗೆಳೆತನ ನಿಂತದ್ದು ನನ್ನ ಸುಳ್ಳಿನ ಮೇಲೆ. ಬಾಯಿ ತೆರೆದರೆ ಅದೂ ಹೋಗುತ್ತದೆ, ಮಗಳ ಬಾಳೂ ಕೆಡುತ್ತದೆ ಎಂದು ಹೆದರಿ ಪ್ರತಿ ಸೋಮವಾರ ತುಟಿ ಬಿಗಿದು ಕೂತೆ.

ನಿಮ್ಮ ಅವ್ವ ಬಾಣಂತನಕ್ಕೆ ಬಂದಳು. ದೊಡ್ಡವಳು ಹುಟ್ಟಿದಳು. ಎಳೆ ಕೂಸಿಗೆ ನೀರು ಹಾಕುವಾಗ ಮೂಕಳಾಗಿರುವುದು ಯಾರಿಂದಾದೀತು? ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿ, ಬಿಸಿನೀರು ಹೊಯ್ಯುತ್ತ, "ನಾ ಚಿಟ್ಟಿ ತಲ್ಲೀ, ನಾ ಬಂಗಾರು ಕೊಂಡಾ" ಅಂತ ತೆಲುಗಿನಲ್ಲಿ ಮುದ್ದಿಸಲು ಶುರುಮಾಡಿದರೆ ನಿಲ್ಲುತ್ತಿರಲಿಲ್ಲ. ಎಷ್ಟೋ ವರ್ಷದ ಮಾತೆಲ್ಲ ಆ ಕೂಸಿಗೆ ಹೇಳುತ್ತಿದ್ದೆ.

ತೊಟ್ಟಿಲಿಗೆ ಹಾಕುವ ದಿನಕ್ಕೆ ಬರಬೇಕಾದ ನಿಮ್ಮ ಅಜ್ಜಿ ಹಿಂದಿನ ದಿನವೇ ಬಂದರು. ಬಚ್ಚಲ ಬಾಗಿಲಲ್ಲಿ ನೆರಳು ಬಿತ್ತು. ತಿರುಗಿ ನೋಡಿದೆ. ಒಂದು ಕೈಯಲ್ಲಿ ಕೂಸಿಗೆ ತಂದ ಕುಲಾವಿ, ಕುಂಚಿಗೆ ತುಂಬಿದ ಚೀಲ ಹಿಡಿದು ನಿಂತಿದ್ದರು. ಕಾಲ ಮೇಲೆ ಕೂಸಿತ್ತು, ಏಳುವಂತಿರಲಿಲ್ಲ. ನಾನು ನೀರು ಹಾಕಿ ಮುಗಿಸುವವರೆಗೂ ಅವರು ಅಲ್ಲೇ ನಿಂತಿದ್ದರು.

"ನಿಮಗ ಮಾತು ಬರ್ತಾವು," ಅಂದರು.

ನಿಮ್ಮ ಅವ್ವ ಗೋಡೆ ಹಿಡಿದುಕೊಂಡು ಕೋಣೆಯಿಂದ ಬಂದಳು. "ಅತ್ತಿ, ನಮ್ಮವ್ವಂದು ತೆಲುಗು. ನೀವು ಏನಾರ ಅನ್ಕೋತೀರಿ ಅಂತ..."

"ತೆಲುಗು ಇದ್ರೇನಾತು? ನಮ್ಮ ಹೊಲದ ಬಾಜೂದೋರು ಅದನ್ನ ಮಾತಾಡ್ತಾರ." ಅವರು ನನ್ನ ಕಡೆ ತಿರುಗಿದರು. "ಎರಡು ವರ್ಷ ನನ್ನ ಹೊಟ್ಟ್ಯಾಗಿಂದೆಲ್ಲ ನಿಮ್ಮ ಮುಂದ ಸುರುವಿದೆ. ಒಂದ್ ಸಲ, ಒಂದೇ ಸಲ, 'ಹೋಗ್ಲಿ ಬಿಡ್ರಿ' ಅಂದಿದ್ರ ಸಾಕಾಗಿತ್ತು."

ಆಗಲಾದರೂ ನಾನು ಅನ್ನಬೇಕಿತ್ತು. ಟವೆಲ್ಲಿನಲ್ಲಿ ಸುತ್ತಿದ ಕೂಸನ್ನು ಎದೆಗೆ ಒತ್ತಿಕೊಂಡು ನಿಂತೆ. ಎಷ್ಟೋ ವರ್ಷ ಮುಚ್ಚಿದ ಬಾಯಿ ಬೇಕೆಂದಾಗ ತೆರೆಯಲಿಲ್ಲ. ಅವರು ಚೀಲವನ್ನು ಕಟ್ಟೆಯ ಮೇಲಿಟ್ಟು ಗುಡಿಗೆ ಹೋದರು.

ಮಗಳನ್ನು ಅವರು ಬಾಧಿಸಲಿಲ್ಲ. ಬಾಣಂತಿಯನ್ನು ಹೊತ್ತಿಗೆ ಸರಿಯಾಗಿ ಕರೆದೊಯ್ದರು, ಹೊಟ್ಟೆಯ ಮಗಳಂತೆ ನೋಡಿಕೊಂಡರು. ನಾನು ಇಷ್ಟು ವರ್ಷ ಯಾವುದಕ್ಕೆ ಹೆದರಿದ್ದೆನೋ ಅದು ನಡೆಯಲೇ ಇಲ್ಲ. ಸೋಮವಾರ ಮಾತ್ರ ಅವರು ನನ್ನ ಓಣಿಗೆ ಬರಲಿಲ್ಲ. ಗುಡಿಗೆ ಬಂದು ಹೋದರಂತೆ ಎಂದು ಬೇರೆಯವರಿಂದ ಕೇಳುತ್ತಿದ್ದೆ. ಒಂದೆರಡು ಸಲ ನಾನೇ ಗುಡಿಯ ಮುಂದೆ ಹೋಗಿ ನಿಂತೆ. ದೂರದಿಂದ ಅವರ ಸೀರೆ ಕಂಡ ಕೂಡಲೇ, ಕಲಿತುಕೊಂಡು ಬಂದ ಮಾತೆಲ್ಲ ಮರೆತು ಹಿಂದಿರುಗಿದೆ.

ಹೀಗೆ ಹತ್ತು ವರ್ಷ ಕಳೆಯಿತು. ಆಮೇಲೆ ಅವರು ಹೋದರೆಂದು ಫೋನು ಬಂತು. ಆ ದಿನ ನಿಮಗೆ ನೆನಪಿರಬೇಕು. ನಾನು ಬಸ್ಸಿಳಿದು ಬಂದಾಗ ಹೆಂಗಸರು ಅವರ ಸುತ್ತ ಕುಳಿತು, ಅವರು ಬದುಕಿದ್ದಾಗ ಮಾಡಿದ್ದನ್ನೆಲ್ಲ ಹೇಳಿಕೊಂಡು ಅಳುತ್ತಿದ್ದರು. ನಮ್ಮ ಕಡೆ ಅದೇ ಪದ್ಧತಿ, ಬರಿಯ ಕಣ್ಣೀರು ಸಾಲದು, ಹೋದವರಿಗೆ ಮಾತಾಡಬೇಕು. ನಾನು ಕಾಲ ಹತ್ತಿರ ಕೂತೆ. ನನ್ನ ಸುಳ್ಳನ್ನು ಅವರು ಯಾರಿಗೂ ಹೇಳಿರಲಿಲ್ಲ, ಎಲ್ಲರಿಗೂ ನಾನು ಇನ್ನೂ ಮಾತಾಡದ ಬೀಗಿತ್ತಿ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

"ಹೋಗ್ಲಿ ಬಿಡ್ರಿ," ಅಂದೆ.

ಗಟ್ಟಿಯಾಗಿಯೇ ಬಂತು, ರಾಯದುರ್ಗದ ಎಳೆತದಲ್ಲೇ. "ಹೋಗ್ಲಿ ಬಿಡ್ರಿ, ಬೀಗ್ರೇ." ಅಳುತ್ತಿದ್ದವರು ನಿಲ್ಲಿಸಿದರು. ಕನ್ನಡ ಅಲ್ಲಿಗೇ ಮುಗಿದುಹೋಯಿತು. ಉಳಿದದ್ದನ್ನು ತೆಲುಗಿನಲ್ಲೇ ಹೇಳಿದೆ. ಸಿಪ್ಪೆಯ ಗಂಟಿನಿಂದ ಹಿಡಿದು ಆ ದೊಡ್ಡ ಸಂಕಟದವರೆಗೆ, ಅವರು ನನಗೆ ಹೇಳಿದ ಒಂದೊಂದಕ್ಕೂ ಒಂದೊಂದು ಉತ್ತರ ಕೊಟ್ಟೆ.

"ಯಾರ ಈಕಿ? ಏನ ಮಾತಾಡ್ತಾಳ?" ಅಂತ ಒಬ್ಬ ಮುದುಕಿ ಪಿಸುಗುಟ್ಟಿದಳು.

ಸಂತೆಯಲ್ಲಿ ನನ್ನನ್ನು ಸುಮ್ಮನಿರಿಸುತ್ತಿದ್ದ ನಿಮ್ಮ ಅವ್ವ ಎದ್ದು ಬಂದು ನನಗೆ ಅಂಟಿಕೊಂಡು ಕೂತಳು. "ನಮ್ಮವ್ವ," ಅಂದಳು. "ಆಂಧ್ರದ ಕಡಿಯಾಕಿ. ಮಾತಾಡ್ಲಿ ಬಿಡ್ರಿ."

ನಾನು ಮಾತಾಡಿದೆ. ಅವರು ಎದ್ದು ಒಳಗೆ ಹೋಗಲಿಲ್ಲ. ಅವತ್ತು ಕೇಳಿದ್ದೆಯಲ್ಲ ಮಗಳೇ, ಠೂ ಬಿಟ್ಟೀರೇನು ಅಂತ. ಹೌದು, ಬಿಟ್ಟಿದ್ದೆವು. ಬಿಟ್ಟವಳು ನಾನೇ, ಅವರು ನನ್ನ ಕೈ ಹಿಡಿದ ಮೊದಲ ದಿನವೇ.