ಗಂಡಿಯಲ್ಲಿ ಕುಳಿತ ಚೋಮಿ

ಬಿಳಿ ದೊರೆಗಳ ಆಳ್ವಿಕೆಯ ದಿನಗಳಲ್ಲಿ, ಸೋಮವಾರಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಚೋಮಿ ಎಂಬ ಹುಡುಗಿ ಇದ್ದಳು. ಅಪ್ಪ ತೀರಿಕೊಂಡಿದ್ದ. ಅವ್ವ ಮಾರಿಗೆ ಸೊಂಟನೋವು, ಬಗ್ಗಲಾರಳು. ಇಬ್ಬರ ಅನ್ನಕ್ಕೆ ತೋಡಿನ, ಅಂದರೆ ಸಣ್ಣ ಹಳ್ಳದ, ಅಂಚಿನ ಒಂದು ತುಂಡು ಗದ್ದೆಯೇ ಆಸರೆ. ಒಬ್ಬಳೇ ನಾಟಿಗೆ ಇಳಿದರೆ, ಅರ್ಧ ಮುಗಿಯುವಷ್ಟರಲ್ಲಿ ಉಳಿದ ಸಸಿ ಬಲಿತು ಹಾಳಾಗುತ್ತಿತ್ತು. ಹಾಗಾಗಿ ಅವಳ ಬದುಕು ಮುಯ್ಯಾಳಿನ ಗುಂಪಿನ ಮೇಲೆ ನಿಂತಿತ್ತು.

ಊರಿನ ಮದುವೆಯಾಗದ ಹುಡುಗ ಹುಡುಗಿಯರ ಗುಂಪು ಅದು. ಇಂದು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಕೂಲಿಯ ಮಾತಿಲ್ಲ, ಮುಯ್ಯಿಗೆ ಮುಯ್ಯಿ. ನಾಟಿಯ ಸಾಲಿನಲ್ಲಿ ಚೋಮಿ ಮುಂದೆ, ಹರಟೆ ಹೊಡೆಯುತ್ತ ಕೆಂಚ ಹಿಂದೆ. ಸರದಿಯಲ್ಲಿ ಚೋಮಿಯ ಗದ್ದೆ ಕೊನೆಯದು.

ಆ ವರ್ಷ ಒಂದು ಕೇರಿಯ ಗೌಡ ಜವರಪ್ಪನ ಗದ್ದೆಯ ನಾಟಿ ಮೊದಲು ಮುಗಿಯಿತು. ಅದರ ಮೇಲಿನ ಗದ್ದೆ ಕಲ್ಲೇಶಪ್ಪನದು. ನಡುವಿನ ಬದುವಿನಲ್ಲಿ ನೀರು ಇಳಿಯಲು ಒಂದು ಗಂಡಿ. ಮಳೆಯ ನೀರು ತನ್ನ ಎಳೆ ಸಸಿಗಳನ್ನು ಕಿತ್ತೊಯ್ಯುತ್ತದೆಂದು ಜವರಪ್ಪ ಆ ಗಂಡಿಗೆ ಕಲ್ಲು ತುಂಬಿದ. ಕಲ್ಲೇಶಪ್ಪನ ಗದ್ದೆಯಲ್ಲಿ ನೀರು ಏರತೊಡಗಿತು. ಮಾತಿಗೆ ಮಾತು ಬೆಳೆಯಿತು. ಒಬ್ಬ ಕತ್ತಿ ತೋರಿಸಿದ, ಇನ್ನೊಬ್ಬ ತಾಲ್ಲೂಕಿನ ಸುಬೇದಾರರ ಕಚೇರಿಗೆ ದೂರು ಒಯ್ಯುತ್ತೇನೆಂದ. ಕೊನೆಗೆ ಜವರಪ್ಪ, "ನಮ್ಮ ಕೇರಿಯವರು ಅವನ ಗದ್ದೆಗೆ ಇಳಿದರೆ ಕಾಲು ಮುರೀತೀನಿ" ಎಂದು ಸಾರಿದ.

ಕೆಂಚ ಅದೇ ಕೇರಿಯವನು. ಹೆದರಿ ಚೋಮಿಯ ಹತ್ತಿರ ಬಂದ.

"ಕಲ್ಲೇಶಪ್ಪನ ಮನೆಯವರು ನಿಮ್ಮ ಗೌಡ್ರ ಗದ್ದೇಲಿ ಬಗ್ಗಿದ್ರೋ ಇಲ್ವೋ?" ಎಂದಳು ಚೋಮಿ.

"ಬಗ್ಗಿದ್ರು."

"ಹಂಗಾದ್ರೆ ಮುಯ್ಯಿ ತೀರಿಸ್ಬೇಕು. ಇಲ್ದಿದ್ರೆ ಗುಂಪು ಇವತ್ತಿಗೇ ಒಡೀತು. ನಮ್ಮವ್ವನ ಗದ್ದೆಗೆ ಆಮೇಲೆ ಯಾರು ಬತ್ತಾರೆ?"

"ಕಾಲು ಮುರಿದ್ರೆ ನೀನೇ ನನ್ನ ಹೊತ್ಕೊಂಡು ಹೋಗ್ಬೇಕು, ನೋಡು."

"ಹೊರ್ತೀನಿ. ಬಾಯಿ ಮಾತ್ರ ಇಲ್ಲೇ ಬಿಟ್ಟು ಬಾ, ಅದೇ ಭಾರ."

ಮರುದಿನ ಗುಂಪೆಲ್ಲ ಕಲ್ಲೇಶಪ್ಪನ ಗದ್ದೆಗೆ ಇಳಿದು ನಾಟಿ ಮಾಡಿತು. ನಾಟಿಯ ಕೊನೆಗೆ ದೊಡ್ಡ ಗದ್ದೆಯಲ್ಲಿ ಉದ್ದಕ್ಕೂ ಒಂದು ಪಟ್ಟಿಯನ್ನು ಖಾಲಿ ಬಿಟ್ಟು, ಆ ಕೆಸರಿನಲ್ಲಿ ಓಟ ನಡೆಸುವುದು ಅಲ್ಲಿನ ಪದ್ಧತಿ. ಗೆದ್ದವನಿಗೆ ಬಾಳೆಗೊನೆ. ಕಲ್ಲೇಶಪ್ಪನ ಗದ್ದೆಯಲ್ಲಿ ಆ ಓಟ ಮುಗಿಯುವುದು ಗಂಡಿಯಿದ್ದ ಅದೇ ಬದುವಿನಲ್ಲಿ. ತನ್ನ ಕೇರಿಯವರನ್ನು ಎಳೆದೊಯ್ಯಲು ಜವರಪ್ಪ ಬದುವಿಗೆ ಬಂದು ನಿಂತದ್ದೂ, ಓಡುತ್ತಿದ್ದ ಕೆಂಚ ಮತ್ತು ಜೊತೆಗಾರರು ಒಬ್ಬರ ಮೇಲೊಬ್ಬರು ಬದುವಿಗೆ ಬಿದ್ದದ್ದೂ ಒಟ್ಟಿಗೇ ಆಯಿತು. ಗಂಡಿಗೆ ತುಂಬಿದ್ದ ಕಲ್ಲುಗಳು ಕಳಚಿದವು. ನೀರು ಕೆಳಗಿನ ಸಸಿಗಳತ್ತ ನುಗ್ಗಿತು.

ಚೋಮಿ ಓಡಿಬಂದು ನೀರಿಗೆ ಬೆನ್ನು ಕೊಟ್ಟು ಗಂಡಿಯಲ್ಲಿ ಕುಳಿತುಬಿಟ್ಟಳು. ಪಕ್ಕದಲ್ಲಿ ಕೆಂಚ ಕುಳಿತ. ಕಲ್ಲೇಶಪ್ಪನ ಮಗಳು ಶಿವಮ್ಮನೂ ಉಳಿದವರೂ ಒತ್ತಿ ಕುಳಿತರು. ನೀರು ನಿಂತಿತು.

ಜವರಪ್ಪ ಕಲ್ಲು ಎತ್ತಿಕೊಂಡು ಬಂದ. "ಏಳೇ ಚೋಮಿ, ಮುಚ್ತೀನಿ."

"ಮುಚ್ಚಬೇಡ. ಏಳೇ ನೀನು, ನೀರು ಹೋಗ್ಲಿ" ಎಂದ ಕಲ್ಲೇಶಪ್ಪ.

"ಇಬ್ರೂ ಏಳು ಅಂತೀರಿ. ನೀರು ಎಲ್ಲಿಗೆ ಹೋಗ್ಬೇಕು ಅಂತ ಮಾತಾಡ್ಕೊಳ್ಳಿ, ಗೌಡ್ರೇ. ಅಲ್ಲಿಗಂಟ ನಾವು ಏಳಲ್ಲ" ಎಂದಳು ಚೋಮಿ.

"ಬೇಗ ಮಾತಾಡಿ, ಬೆನ್ನು ಮರಗಟ್ತಾ ಐತೆ" ಎಂದ ಕೆಂಚ.

ಶಿವಮ್ಮನ ಹಲ್ಲು ಕಟಕಟ ಅನ್ನುತ್ತಿತ್ತು. ಅದನ್ನು ಕೇಳಲಾರದೆ ಕಲ್ಲೇಶಪ್ಪ, "ಮೂಡಣ ಮೂಲೇಲಿ ಗಂಡಿ ತೆಗೆದ್ರೆ ನೀರು ನೇರ ತೋಡಿಗೆ ಇಳೀತದೆ" ಎಂದ, ಯಾರಿಗೂ ಅಲ್ಲವೆಂಬಂತೆ.

"ಕಾಲುವೆಗೆ ನನ್ನ ನೆಲ ಹೋಗ್ತದಲ್ಲ?" ಎಂದ ಜವರಪ್ಪ.

"ನನ್ನ ಕಡೇದೂ ಅಷ್ಟೇ ಬಿಡ್ತೀನಿ ಮಾರಾಯ."

ಜವರಪ್ಪ ಕಲ್ಲನ್ನು ಕೆಳಗಿಟ್ಟು ಗುದ್ದಲಿ ಕೇಳಿದ. ಅರ್ಧ ಗುಂಪು ಕುಳಿತೇ ಇತ್ತು, ಉಳಿದರ್ಧ ಹಿರಿಯರ ಜೊತೆ ಅಗೆಯಿತು. ಹೊಸ ಕಾಲುವೆಯಲ್ಲಿ ನೀರು ಹರಿದು ಮೇಲಿನ ಗದ್ದೆ ತಗ್ಗಿದ ಮೇಲೆ, ಕಲ್ಲೇಶಪ್ಪನೇ ಕಲ್ಲು ಮಣ್ಣು ತಂದು ಕುಳಿತವರ ಬೆನ್ನ ಹಿಂದೆ ಹಳೆಯ ಗಂಡಿ ಮುಚ್ಚಿಸಿದ. ಆಗ ಚೋಮಿ ಏಳಲು ನೋಡಿದಳು. ಕಾಲು ಬರಲಿಲ್ಲ. ಜವರಪ್ಪ ಕೈಕೊಟ್ಟು ಎತ್ತಿದ.

ಕೊನೆಯ ಸರದಿಯ ದಿನ ಮಾರಿಯ ಗದ್ದೆಗೆ ಎರಡೂ ಮನೆಯವರು ಇಳಿದರು. ಮಾರಿ ಬದುವಿನ ಮೇಲೆ ಕುಳಿತು ಎಲ್ಲರಿಗೂ ಎಲೆ ಅಡಿಕೆ ಕೊಟ್ಟಳು. ಮುಂದೆ ಊರಿನಲ್ಲಿ ಯಾರ ನಡುವೆ ಮುನಿಸು ಹುಟ್ಟಿದರೂ, "ಚೋಮೀನ ತಂದು ನಡುವೆ ಕೂರಿಸ್ತೀವಿ, ನೋಡಿ" ಎಂದು ಹುಡುಗರು ಹೆದರಿಸುತ್ತಿದ್ದರು. ಚೋಮಿ ಕೇಳಿ ನಾಚಿಕೊಳ್ಳುತ್ತಿದ್ದಳು. ಆದರೆ ಕರೆದಲ್ಲಿಗೆ ಹೋಗುತ್ತಿದ್ದಳು.